ಪ್ರತಿಭಾಳ ಗಿರಣಿ

ಪ್ರತಿಭಾ ಹುಟ್ಟಿದ ಮೂರನೇ ತಿಂಗಳಿಗೆ ಶಿರಸಿಯ ಡಾಕ್ಟರು ಕೂಸಿನ ಅಂಗೈ ಬಿಡಿಸಿ ನೋಡಿ, ಇದು ಡೌನ್ ಸಿಂಡ್ರೋಮ್, ನಿಧಾನವಾಗಿ ಕಲಿಯುತ್ತಾಳೆ ಅಂದಿದ್ದರು. ಬಸ್ಸು ಇಳಿದು ಮನೆ ಮುಟ್ಟುವಷ್ಟರಲ್ಲಿ ‘ನಿಧಾನ’ ಎಂಬುದಷ್ಟೇ ಎಲ್ಲರ ಬಾಯಲ್ಲಿ ಉಳಿದಿತ್ತು. ತಾಯಿ ಪಾರ್ವತವ್ವ ಮಾತ್ರ ‘ಕಲಿಯುತ್ತಾಳೆ’ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬನವಾಸಿ ರಸ್ತೆಯ ಮೇಲಿನ ಊರು ಅದು. ಗಂಡ ಚನ್ನಬಸವ ಅನಾನಸ್ ಹೊಲ ನೋಡಿಕೊಂಡರೆ, ಮನೆ ಮುಂದಿನ ಹಿಟ್ಟಿನ ಗಿರಣಿ ಪಾರ್ವತವ್ವನದು. ಮಗಳು ಮೂರನೇ ಇಯತ್ತೆಯಲ್ಲಿದ್ದಾಗ ಮಾಸ್ತರರು, “ಇಕಿ ಮನೆಯಾಗ ಇದ್ರ ಚಲೋ ಅಲ್ಲೇನ್ರಿ?” ಎಂದು ಮೆತ್ತಗೆ ಕೇಳಿದರು.

“ದಿನಾ ಬರೋದು ಅಕಿ ಕೆಲಸ ಸರ್. ಕಲಿಸೋದು ನಿಮ್ಮ ಕೆಲಸ. ಹಾಜರಿ ಹಚ್ಚರಿ,” ಎಂದು ಪಾರ್ವತವ್ವ ಮಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಬಂದಳು. ಏಳನೆಯದು ಮುಗಿಯುವ ಹೊತ್ತಿಗೆ ಪ್ರತಿಭಾ ತನ್ನ ಹೆಸರು ಬರೆಯುತ್ತಿದ್ದಳು, ಇಪ್ಪತ್ತರವರೆಗೆ ಎಣಿಸುತ್ತಿದ್ದಳು, ಯಾರಾದರೂ ಅಣಕಿಸಿದರೆ ತಿರುಗಿ ಬೈಯುತ್ತಿದ್ದಳು.

ಹದಿನೆಂಟು ತುಂಬಿದ ಮೇಲೆ ತಾಯಿ ಅವಳನ್ನು ಗಿರಣಿಗೆ ಕರೆದುಕೊಂಡಳು. ಮೊದಲು ಕೈ ಸಿಕ್ಕಿಕೊಳ್ಳದಂತೆ ಯಂತ್ರದ ಬೆಲ್ಟಿಗೆ ತಂತಿಯ ಜಾಳಿಗೆ ಹಾಕಿಸಿದಳು. ಆಮೇಲೆ ಒಂದೊಂದೇ ಕೆಲಸ. ಆರು ತಿಂಗಳು ಬರೀ ಕಸ ಗುಡಿಸುವುದು. ಇನ್ನಾರು ತಿಂಗಳು ಡಬ್ಬಿಗಳನ್ನು ಬಂದ ಸರತಿಯಂತೆ ಸಾಲಾಗಿ ಇಡುವುದು. ತಲೆಗೆ ಬಟ್ಟೆ ಕಟ್ಟದೆ ಒಳಗೆ ಕಾಲಿಡುವಂತಿಲ್ಲ. ಸಪ್ಪಳ ಬದಲಾದರೆ ಮೊದಲು ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಬೇಕು. ಈ ಎರಡನ್ನು ತಾಯಿ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಮೂರನೇ ವರ್ಷಕ್ಕೆ ಪ್ರತಿಭಾ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಬೀಸುವ ಕಲ್ಲು ಬಿಗಿ ಮಾಡಬೇಕೋ ಸಡಿಲ ಮಾಡಬೇಕೋ ತಾನೇ ಹೇಳತೊಡಗಿದಳು.

ಚನ್ನಬಸವನ ಅಣ್ಣ ಮಧುಕೇಶ್ವರನಿಗೆ ಇದು ಮನೆತನದ ಮರ್ಯಾದೆಯ ಪ್ರಶ್ನೆಯಾಯಿತು. “ಬುದ್ಧಿ ಇಲ್ಲದ ಕೂಸನ್ನ ದುಡಿಸಿಕೊಂಡು ತಿಂತಾರಂತ ಊರೆಲ್ಲ ಮಾತಾಡ್ತದ.”

“ಮಾತಾಡ್ಲಿ. ನಾವು ಹೋದ ಮ್ಯಾಲ ಆ ಊರು ಬಂದು ಅಕಿಗೆ ಅನ್ನ ಹಾಕ್ತದೇನ್ರಿ, ಭಾವ?”

ಹದಿನೈದು ದಿನಕ್ಕೆ ತಾಲೂಕು ಕಚೇರಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಕೈಯಲ್ಲಿ ಹೆಸರಿಲ್ಲದ ಅರ್ಜಿ: ತಿಳಿವಳಿಕೆಯಿಲ್ಲದ ಹುಡುಗಿಯನ್ನು ಯಂತ್ರದ ಮುಂದೆ ಬಲವಂತವಾಗಿ ನಿಲ್ಲಿಸಿದ್ದಾರೆ ಎಂದು. ಪಾರ್ವತವ್ವನ ಮೈ ಉರಿದುಹೋಯಿತು. ಆದರೂ ಗಿರಣಿಯ ಬಾಗಿಲು ತೋರಿಸಿದಳು. “ಕೆಲಸ ಮಾಡಾಕಿ ಒಳಗದಾಳ. ಅಕಿನ್ನ ಕೇಳ್ರಿ,” ಅಂದಳು.

ಅಧಿಕಾರಿ ಒಳಗೆ ಕಾಲಿಡುವಷ್ಟರಲ್ಲಿ ಪ್ರತಿಭಾ ಕೈ ಅಡ್ಡ ಹಿಡಿದಳು. “ತಲಿಗೆ ಬಟ್ಟಿ ಇಲ್ಲ. ಹೊರಗ ನಿಂದ್ರರಿ. ಏನ್ ಬೀಸಬೇಕ್ರಿ?”

“ನಿನ್ನ ನೋಡಾಕ ಬಂದೀನವ್ವ. ಇಲ್ಲಿ ಕೆಲಸ ಮಾಡಂತ ಯಾರರ ಒತ್ತಾಯ ಮಾಡ್ತಾರೇನು?”

ಪ್ರತಿಭಾ ಯೋಚಿಸಿದಳು. “ಹೂಂ. ತಿಮ್ಮಿ. ಲಗು ಬೀಸು, ಲಗು ಬೀಸು ಅಂತಾಳ.”

ಬೀಸಿಸಲು ಡಬ್ಬಿ ತಂದು ಸಾಲಿನಲ್ಲಿ ಕೂತಿದ್ದ ತಿಮ್ಮಿಗೆ ನಗು ತಡೆಯಲಾಗಲಿಲ್ಲ. ಅಧಿಕಾರಿ ಅರ್ಧ ತಾಸು ಬಾಗಿಲಲ್ಲೇ ನಿಂತು ಕೆಲಸ ನೋಡಿ, ಅರ್ಜಿಯ ಹಿಂದೆ ‘ಬಲವಂತವೇನೂ ಇಲ್ಲ’ ಎಂದು ಗೀಚಿ, ಕಡತ ಮುಚ್ಚಿ ಹೊರಟುಹೋದಳು.

ಗೆದ್ದೆ ಅಂದುಕೊಂಡಿದ್ದ ಪಾರ್ವತವ್ವನಿಗೆ ಬಿಸಿ ಮುಟ್ಟಿಸಿದವಳು ಮಗಳೇ. ಹೊಸ ಬೆಲ್ಟ್ ತರಲು ತಾಯಿ ಶಿರಸಿಗೆ ಹೊರಟಿದ್ದಳು. “ಇವತ್ತು ಗಿರಣಿ ಬಂದ್,” ಅಂದಳು.

“ಯಾಕ ಬಂದ್? ನಾ ಇಲ್ಲೇನು?”

“ಒಬ್ಬಾಕಿಗೆ ಆಗೂದಿಲ್ಲ ನಿನಗ. ಏನರ ಹೆಚ್ಚುಕಮ್ಮಿ ಆದ್ರ?”

ಮಾತು ಹೊರಬಿದ್ದ ಮೇಲೆ ಪಾರ್ವತವ್ವ ತಾನೇ ಬೆಚ್ಚಿದಳು. ಮಧುಕೇಶ್ವರ ಹೇಳಬೇಕಾದ ಮಾತು ತನ್ನ ಬಾಯಲ್ಲಿ! ಮಗಳು ಅಳಲಿಲ್ಲ, ಹಟವನ್ನೂ ಮಾಡಲಿಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು, ಬೀಗದ ಕೈಗಾಗಿ ಅಂಗೈ ಚಾಚಿ ನಿಂತಳು. ತಾಯಿ ಕೊಟ್ಟಳು. ಬಸ್ಸು ಬರುವ ತನಕ ಎರಡು ಸಲ ಗಿರಣಿಯತ್ತ ತಿರುಗಿ ಹೊರಟು, ಎರಡು ಸಲವೂ ತನ್ನನ್ನೇ ಬೈದುಕೊಂಡು ನಿಂತಳು.

ಮಧ್ಯಾಹ್ನ ಮರಳಿದಾಗ ಗಿರಣಿಯ ಕಟ್ಟೆಯ ಮೇಲೆ ತಿಮ್ಮಿ ಮುಖ ಊದಿಸಿಕೊಂಡು ಕೂತಿದ್ದಳು. ಅವಳ ಗೋಧಿಯನ್ನು ಪ್ರತಿಭಾ ಯಾರದೋ ರಾಗಿಯ ಮೇಲೆ ಸುರಿದುಬಿಟ್ಟಿದ್ದಳು. ತಪ್ಪಾಯ್ತು ಎಂದು ಪಾರ್ವತವ್ವ ಬಾಯಿ ತೆರೆಯುವಷ್ಟರಲ್ಲಿ ಒಳಗಿಂದ ಮಗಳ ದನಿ ಬಂತು: “ಅವ್ವಾ, ನೀ ಸುಮ್ಮನಿರು. ಅಕಿ ನನ್ನ ಜೋಡಿ ಜಗಳಾಡ್ಯಾಳ.”

“ಹೌದ್ ನೋಡ್ರಿ,” ತಿಮ್ಮಿ ಅಂದಳು. “ನಾ ಬೈದೆ, ಅಕಿನೂ ಬೈದ್ಲು. ಆಮ್ಯಾಲ ನಿಮ್ಮ ಮನಿ ಗೋಧಿ ತಂದು ಬೀಸಾಕ ಹತ್ಯಾಳ. ರಾಗಿಯವರಿಗೂ ನಿಮ್ಮ ರಾಗೀನ ಕೊಟ್ಟು ಕಳಿಸ್ಯಾಳ.”

ಇಷ್ಟು ವರ್ಷ ಮಗಳು ತಪ್ಪು ಮಾಡದಂತೆ ಕಾದವಳು ಪಾರ್ವತವ್ವ. ತಪ್ಪನ್ನು ತಾನೇ ಸರಿಮಾಡಿಕೊಳ್ಳುವುದನ್ನು ಅವಳು ಕಲಿಸಿರಲಿಲ್ಲ. ಅದನ್ನು ಮಗಳು ಎಲ್ಲಿಂದಲೋ ಕಲಿತಿದ್ದಳು. ತಾಯಿ ಬೆಲ್ಟನ್ನು ಕಟ್ಟೆಯ ಮೇಲಿಟ್ಟು, ತಿಮ್ಮಿಯ ಪಕ್ಕದಲ್ಲಿ ಸರತಿಯವಳಂತೆ ಕೂತಳು.

ಒಂದು ವಾರ ಆ ಮನೆಯಲ್ಲಿ ಕರ್ರಗಿನ ಚಪಾತಿ. ಬುಧವಾರ ಊಟಕ್ಕೆ ಬಂದ ಮಧುಕೇಶ್ವರ ತಟ್ಟೆ ನೋಡಿ ಮುಖ ಸಿಂಡರಿಸಿದ.

“ನಿಮ್ಮ ಮಗಳು ರಾಗಿ ಗೋಧಿ ಕೂಡಿಸ್ಯಾಳ್ರಿ,” ಎಂದು ಪಾರ್ವತವ್ವ ಅವನ ತಟ್ಟೆಗೆ ಇನ್ನೊಂದು ಹಾಕಿದಳು. “ನಾಳೆನೂ ಗಿರಣಿ ಅಕೀನ ತೆಗೀತಾಳ.”