ಪುಡಿಯ ಪೂರ್ವಾಪರ ವಿಚಾರಿಸುವ ರುಬಿಯಾ

ಬೆಳಗಿನ ಐದೂಮುಕ್ಕಾಲು. ತಿರ್ಲಾಪುರದ ಪಂಚಾಯಿತಿ ಗ್ರಂಥಾಲಯದಲ್ಲಿ ಕಸ ಗುಡಿಸಿ ಮುಗಿಸಿದ ರುಬಿಯಾ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಊರು ಏಳುವ ಮೊದಲು ಇಂಟರ್ನೆಟ್ ಚುರುಕು. ಪರದೆಯ ಬೆಳಕಿನಲ್ಲಿ ಅವರ ಮುಖ, ರಾಕ್ಷಸನ ಜೀವವಿರುವ ಗಿಳಿಯನ್ನು ಹುಡುಕಿ ಏಳು ಸಮುದ್ರ ದಾಟಲು ಹೊರಟವಳ ಮುಖದಂತಿದೆ. ಕೈಯಲ್ಲಿರುವುದು ಮಾತ್ರ ಹಸಿರು ಕರಪತ್ರ: 'ಸಕ್ಕರೆ ಕಾಯಿಲೆಗೆ ಬೀಜದ ಪುಡಿ. ನಲವತ್ತು ಸಂಶೋಧನೆಗಳಿಂದ ಸಾಬೀತು.'

ಕರಪತ್ರ ತಂದ ರೇವವ್ವ ಎದುರಿನ ಬೆಂಚಿನ ಮೇಲಿದ್ದಾರೆ. ವಯಸ್ಸು ಅರವತ್ತೆಂಟು. ಪುಡಿ ನಂಬಿ ನಾಲ್ಕು ದಿನದಿಂದ ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟಿದ್ದಾರೆ. ನಿನ್ನೆಯಿಂದ ಕಣ್ಣು ಮಂಜು. ಮಾರುವವನು ಇವತ್ತು ಹತ್ತಕ್ಕೆ ಮತ್ತೆ ಬರುತ್ತಾನೆ.

"ಅಂವಾ ಯಾಕ ಸುಳ್ಳ ಹೇಳತಾನ? ಹಾಳ್ಯಾಗ ಅಚ್ಚಾಗೇತಲ್ಲ."

"ವರನ ಗುಣಾ ವರನ ಮನ್ಯಾಗ ಕೇಳತೀರೇನ್ ಆಯಿ? ಬಾಜೂಮನ್ಯಾಗ ಕೇಳತೀರಿ, ಚಹಾದಂಗಡ್ಯಾಗ ಕೇಳತೀರಿ. ಪುಡಿಗೂ ಹಂಗ."

ನಲವತ್ತಮೂರರ ರುಬಿಯಾ ಈ ಗ್ರಂಥಾಲಯ ನೋಡಿಕೊಳ್ಳುವ ಮೊದಲು ಹುಬ್ಬಳ್ಳಿಯ ವೈದ್ಯಕೀಯ ಕಾಲೇಜೊಂದರ ಗ್ರಂಥಾಲಯದಲ್ಲಿ ಒಂಬತ್ತು ವರ್ಷ ದುಡಿದವರು. ವೈದ್ಯಕೀಯ ಲೇಖನಗಳ ಭಂಡಾರವಾದ ಪಬ್‌ಮೆಡ್‌ನಲ್ಲಿ ಹುಡುಕುವುದನ್ನು ಅಲ್ಲೇ ಕಲಿತರು. ಅನುಮಾನ ಕಲಿಸಿದ್ದು ಮಾತ್ರ ತಾಯಿ ಮಲಿಕಾಬಿಯ ಮಂಡಿನೋವು. ಆಗ ರುಬಿಯಾ ಒಂದು ಎಣ್ಣೆಯ ಹೆಸರಿನ ಜೊತೆ 'ನೋವು ವಾಸಿ' ಎಂದೇ ಸೇರಿಸಿ ಹುಡುಕಿದ್ದರು. ಬಂದದ್ದೆಲ್ಲ ಹೊಗಳಿಕೆ. ಐದು ತಿಂಗಳು ಎಣ್ಣೆ ತಿಕ್ಕಿ, ಡಾಕ್ಟರ ಬಳಿ ಹೋಗುವುದು ತಡವಾಯಿತು. ಈಗ ತಾಯಿ ಕೋಲು ಹಿಡಿದು ನಡೆಯುತ್ತಾರೆ.

"ಪ್ರಶ್ನಿಯೊಳಗ ಉತ್ತರಾ ಇಟ್ಟು ಕೇಳಿದ್ನಿರಿ. ಅದು ಹೂಂ ಅಂತು," ಎಂದು ನನಗೆ ಹೇಳುತ್ತಾರೆ, ಪರದೆಯಿಂದ ಕಣ್ಣು ತೆಗೆಯದೆ.

ಅಂದಿನಿಂದ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ನಾಲ್ಕು ಚೌಕದ ಮನೆ ಗೀಚಿಯೇ ಅವರು ಹುಡುಕಲು ಕೂರುವುದು. ಮನೆಗೊಂದು ಪ್ರಶ್ನೆ: ಯಾರಿಗೆ ಕೊಟ್ಟರು, ಏನು ಕೊಟ್ಟರು, ಯಾವುದಕ್ಕೆ ಹೋಲಿಸಿದರು, ಏನು ಬದಲಾಯಿತು. ಬೀಜಕ್ಕೆ ಊರ ಹೆಸರು ಸಾಲದು. ಸಸ್ಯಶಾಸ್ತ್ರದ ಹೆಸರು, ಇಂಗ್ಲಿಷಿನವರು ಕರೆಯುವ ಹೆಸರು ಎಲ್ಲವನ್ನೂ 'ಅಥವಾ' ಹಾಕಿ ಪೋಣಿಸುತ್ತಾರೆ. ಕಾಯಿಲೆಯನ್ನು 'ಮತ್ತು' ಎಂದು ಜೋಡಿಸುತ್ತಾರೆ. ಕೊನೆಗೆ 'ಅಪಾಯ' ಎಂಬ ಮಾತನ್ನೂ ಸೇರಿಸಿ ಇನ್ನೊಮ್ಮೆ ಹುಡುಕುತ್ತಾರೆ. ಹೊಗಳುವವರು ತಾವಾಗಿಯೇ ಬರುತ್ತಾರೆ, ತೆಗಳುವವರನ್ನು ಕರೆಯಬೇಕು ಎಂಬುದು ಅವರ ಲೆಕ್ಕ.

ಇವತ್ತು ಮೊದಲ ಬಲೆಗೆ ಬಿದ್ದದ್ದು ಆರುನೂರು ಚಿಲ್ಲರೆ ಲೇಖನ. ಸೋಸಿದಾಗ ಮೂವತ್ತೊಂದು. ಕರಪತ್ರದ ಅಡಿಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಹೆಸರಿಸಿದ್ದ ಲೇಖನವೂ ಸಿಕ್ಕಿತು. ಸಾರಾಂಶದಲ್ಲಿ 'ಗಮನಾರ್ಹ ಇಳಿಕೆ' ಎಂದಿದೆ. ರುಬಿಯಾ ಅಲ್ಲಿಗೆ ನಿಲ್ಲದೆ ಪೂರ್ತಿ ಲೇಖನ ತೆರೆಯುತ್ತಾರೆ.

"ಆಯಿ, ಇಪ್ಪತ್ನಾಕು ಇಲಿಗೆ ಕೊಟ್ಟಾರ. ಆರು ವಾರ."

"ಮನಶ್ಯಾರಿಗೆ?"

"ಇನ್ನೊಂದರಾಗ ಮೂವತ್ತು ಮಂದಿಗೆ ಕೊಟ್ಟಾರ. ಅವರ‍್ಯಾರೂ ಗುಳಿಗಿ ಬಿಟ್ಟಿರಲಿಲ್ಲ, ಪುಡಿ ಜೋಡೀಲೆ ಅದನ್ನೂ ನುಂಗ್ಯಾರ. ರೊಕ್ಕಾ ಹಾಕಿದವ್ರು ಪುಡಿ ಮಾಡಾವ್ರ."

ರೇವವ್ವ ಕಣ್ಣು ಕಿರಿದಾಗಿಸಿ ಪರದೆಯನ್ನಲ್ಲ, ರುಬಿಯಾ ಅವರನ್ನೇ ನೋಡುತ್ತಾರೆ. "ನಿನಗ ಗುಳಿಗಿ ಕಂಪನಿಯವ್ರು ಎಷ್ಟ ಕೊಟ್ಟಾರಲೇ?"

ರುಬಿಯಾ ನಗುತ್ತಾರೆ. ಬೆಳಗಿನಿಂದ ಇದೇ ಮೊದಲ ನಗು. "ಹಂಗ ಕೇಳಬೇಕ್ ನೋಡ್ರಿ."

ಹುಡುಕಿದ ಪದಗಳು, ತಾರೀಖು, ಸಿಕ್ಕ ಲೇಖನಗಳ ಹೆಸರು ಬರೆದ ಹಾಳೆಯನ್ನು ಹರಿದು ರೇವವ್ವನ ಕೈಗಿಡುತ್ತಾರೆ. "ಗುಳಿಗಿ ವಿಚಾರ ನಂದಲ್ಲ. ಕಣ್ಣು ಮಂಜಾಗೇತಿ, ಈಗಿನ ಬಸ್ಸಿಗೇ ನವಲಗುಂದದ ಡಾಕ್ಟರ ಕಡೆ ಹೋಗ್ರಿ. ಹಾಳಿ ತೋರಸ್ರಿ, ಅವರೂ ಹುಡುಕಿ ನೋಡ್ಲಿ."

ರೇವವ್ವ ಸೆರಗಿನ ಗಂಟು ಬಿಚ್ಚಿ ಪುಡಿಯ ಪೊಟ್ಟಣ ಮೇಜಿನ ಮೇಲಿಡುತ್ತಾರೆ. "ಅಂವಾ ಬಂದ್ರ ಕೊಡು. ಇಲಿಗೆ ಹಾಕು ಅನ್ನು."

ಬಸ್ಸಿನ ಸದ್ದು ಊರ ಹೊರಗೆ ಕರಗುತ್ತದೆ. ರುಬಿಯಾ ಮುಂದಿನ ಕ್ಯಾಲೆಂಡರ್ ಹಾಳೆ ತೆಗೆದು ನಾಲ್ಕು ಮನೆ ಗೀಚಿ ನನ್ನತ್ತ ತಿರುಗುತ್ತಾರೆ.

"ನನ್ನ ನಂಬ್ರಿ ಅನ್ನಂಗಿಲ್ರಿ. ನನ್ನ ಹಾಳಿ ಹಿಡ್ಕೊಂಡು ಬ್ಯಾರೆಯವ್ರು ಹುಡುಕಿದ್ರ ಅದ ಸಿಗಬೇಕು. ಅಷ್ಟ ಆದ್ರ ಸಾಕು."