ಇತ್ತ್ ಅಂದರೆ ಇದೆ

ನನ್ನ ದೊಡ್ಡಮ್ಮನ ಬಾವಿಯನ್ನು ನಕ್ಷೆಯ ಮೇಲೆ ಬತ್ತಿಸಿದರು ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ. ಹೋಗಲಿ ಬಿಡು ಎಂದವರು ಬಹಳ ಮಂದಿ. ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ನೆಲದಡಿ ಏನೇನಿದೆ ಎಂದು ನಕ್ಷೆ ಮಾಡುವ ಕೆಲಸಕ್ಕೆ ಗುತ್ತಿಗೆಯ ಮೇಲೆ ಸೇರಿದ್ದೆ. ಎಲ್ಲಿ ಮುರಕಲ್ಲು, ಎಲ್ಲಿ ಹಂಚಿನ ಮಣ್ಣು, ಎಲ್ಲಿ ಮರಳು ಎಂದು ನಾವು ಬಣ್ಣ ಹಾಕಿ ಕೊಡಬೇಕು. ಅದನ್ನು ನೋಡಿ ಎಲ್ಲಿ ಬೇಸಾಯ ಉಳಿಯಬೇಕು, ಎಲ್ಲಿ ಮನೆ ಏಳಬಹುದು, ಎಲ್ಲಿ ಕಲ್ಲುಕೋರೆ ತೆಗೆಯಬಹುದು ಎಂದು ಮೇಲಿನವರು ತೀರ್ಮಾನಿಸುತ್ತಾರೆ. ಭೂವಿಜ್ಞಾನ ಓದಿದ್ದು ಹುಟ್ಟಿದೂರಿಗೇ ಉಪಯೋಗಕ್ಕೆ ಬಂತೆಂದು ಹಿಗ್ಗಿದ್ದೆ. ಕಲ್ಲು ತೆಗೆಯಲೇಬಾರದು ಎನ್ನುವವಳು ನಾನಲ್ಲ. ನಾನು ಹುಟ್ಟಿದ ಮನೆಯ ಗೋಡೆಯೇ ಮುರಕಲ್ಲಿನದು.

ದೊಡ್ಡಮ್ಮನ ಮನೆ ಹಟ್ಟಿಯಂಗಡಿಯಿಂದ ಸ್ವಲ್ಪ ಒಳಗೆ. ಮನೆಯ ಹಿಂದೆ ಎತ್ತರದಲ್ಲಿ ಹಕ್ಕಲು, ಅಂದರೆ ದನ ಮೇಯುವ ಬಯಲು. ಮೇಲೆ ಹುಲ್ಲು, ಅಡಿಯಲ್ಲಿ ಕೆಂಪು ಮುರಕಲ್ಲು. ಆ ಕಲ್ಲಿಗೆ ಮೈಯೆಲ್ಲ ತೂತು. ಅದು ಕುಡಿದ ಮಳೆನೀರು ನಿಧಾನವಾಗಿ ಇಳಿದು ಕೆಳಗಿನ ಮನೆಗಳ ಬಾವಿ ಸೇರುತ್ತದೆ. ಕಲ್ಲು ಕಡಿದು ಸಾಗಿಸಿದರೆ ಬಾವಿಯ ಕತೆ ಮುಗಿಯಿತು. ಅದಕ್ಕಾಗಿಯೇ, ಕುಡಿಯುವ ನೀರಿನ ಬಾವಿ ಇರುವಲ್ಲಿ ಕೋರೆಯ ಗುಲಾಬಿ ಬಣ್ಣ ತುಂಬಬಾರದೆಂದು ನಮ್ಮ ತಂಡದಲ್ಲೇ ನಿಯಮವಿತ್ತು.

ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ ಕರಡು ನಕ್ಷೆ ತೆರೆದೆ. ಆ ಹಕ್ಕಲು ಪೂರ್ತಿ ಗುಲಾಬಿಯಾಗಿತ್ತು. ಕೆಳಗಿನ ಬಾವಿಗಳಿಗೆಲ್ಲ ಕಪ್ಪು ಕತ್ತರಿ ಗುರುತು, ಅಂದರೆ ಬತ್ತಿದ ಬಾವಿ. ಹಿಂದಿನ ಭಾನುವಾರವಷ್ಟೇ ನಾನು ದೊಡ್ಡಮ್ಮನ ಬಾವಿಯ ನೀರು ಕುಡಿದು ಬಂದಿದ್ದೆ.

ಆ ಭಾಗಕ್ಕೆ ಹೋಗಿದ್ದವರು ನಮ್ಮ ತಂಡದ ಮುಖ್ಯಸ್ಥರು, ಧಾರವಾಡದ ಕಡೆಯವರು. ಇದೇನು ಎಂದು ಕೇಳಿದೆ.

"ನಾ ಸುಮ್ಮ ಸುಮ್ಮನ ಬರದಿಲ್ರೀ. ಮನೀ ಮನೀಗೆ ಹೋಗಿ ಕೇಳೇನಿ. ಎಲ್ಲಾರೂ ನೀರು ಇತ್ತು ಅಂದ್ರು. ಇತ್ತು ಅಂದ್ರ ಈಗಿಲ್ಲ ಅಂತ ಅಲ್ಲೇನು?"

ಮೊದಲು ನನಗೆ ನಗು ಬಂತು. ನಮ್ಮ ಕುಂದಾಪ್ರ ಕನ್ನಡದಲ್ಲಿ 'ಇತ್ತ್' ಎಂದರೆ ಇದೆ. ಊಟ ಇತ್ತಾ ಎಂದರೆ ಊಟ ಇದೆಯಾ ಎಂದು. ಹಿಂದೊಮ್ಮೆ ಇದ್ದು ಈಗ ಇಲ್ಲವಾದದ್ದಕ್ಕೆ 'ಇದ್ದಿತ್ತ್' ಎಂಬ ಬೇರೆಯೇ ಮಾತಿದೆ. ದೊಡ್ಡಮ್ಮನ ನಾಯಿಗೆ ಹೆದರಿ ಅಂಗಳದ ಹೊರಗೇ ನಿಂತು ಕೇಳಿ ಹೋದವರಿಗೆ ಅದು ಗೊತ್ತಾಗುವುದು ಹೇಗೆ? ತಮಾಷೆಯೆಂದರೆ, ಬ್ರಹ್ಮಾವರದ ಕಡೆ ತುಳುವಿನಲ್ಲಿ 'ಉಂಡು', ಅಂದರೆ ಇದೆ, ಎಂದವರ ಬಾವಿಗಳೆಲ್ಲ ಬಚಾವಾಗಿದ್ದವು. ಅಲ್ಲಿ ಮಾತು ತಿಳಿಯದೆ ಇವರು ಬಾವಿಯನ್ನೇ ಬಗ್ಗಿ ನೋಡಿದ್ದರು.

ಅರ್ಥ ಬಿಡಿಸಿ ಹೇಳಿದೆ. "ಈಗ ತಿದ್ದಾಕ ಆಗಂಗಿಲ್ರೀ, ಮುಂದಿನ ಸಲ ನೋಡೂಣು. ತಂಡದವರೆಲ್ಲಾರ ಸಹಿ ಬೇಕು, ನೀವೂ ಹಾಕ್ರಿ" ಎಂದರು. ಮುಂದಿನ ಸಲ ಬರುವಷ್ಟರಲ್ಲಿ ಹಕ್ಕಲಿಗೆ ಕಲ್ಲು ಕೊಯ್ಯುವ ಯಂತ್ರ ಬಂದಿರುತ್ತದೆ. ಹಾಕುವುದಿಲ್ಲ ಎಂದೆ. ಗುತ್ತಿಗೆಯ ಕೆಲಸ, ನೆನಪಿರಲಿ ಎಂದರು. ನೆನಪಿದೆ ಎಂದೆ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಹಾಕಲಿಲ್ಲ.

ಕರಡನ್ನು ಊರವರಿಗೆ ತೋರಿಸುವ ಸಭೆ ಕುಂದಾಪುರದಲ್ಲಿ ನಡೆಯಿತು. ದೊಡ್ಡಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂರಿಸಿದೆ. ಬಾವಿಯ ಮಾತು ಬಂದಾಗ ಮುಖ್ಯಸ್ಥರು ಮೈಕು ಹಿಡಿದು ವಿನಯದಿಂದಲೇ ಕೇಳಿದರು, "ಅವ್ವಾರ, ನಿಮ್ಮ ಬಾವ್ಯಾಗ ನೀರು ಐತೋ ಇಲ್ಲೋ?"

"ಇತ್ತ್" ಎಂದಳು ದೊಡ್ಡಮ್ಮ.

"ಕೇಳಿದ್ರಲ್ಲ?" ಅವರು ನನ್ನತ್ತ ತಿರುಗಿದರು. ಸಭೆ ಗೊಳ್ಳೆಂದಿತು. ಹಿಂದಿನಿಂದ ಯಾರೋ ಕೂಗಿದರು, "ಹ್ವಾಯ್, ಇದೆ ಅಂತ ಹೇಳಿ! ಅವ್ರಿಗೆ ಗೊತ್ತಾತಿಲ್ಲೆ."

ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ನಾನ್ ಎಂತಕ್ಕೆ ಹಾಂಗ್ ಹೇಳ್ಕ್? ಬಾವಿ ನಮ್ದ್, ನೀರ್ ನಮ್ದ್, ಮಾತ್ ಮಾತ್ರ ಅವ್ರ್ದಾ? ಇತ್ತ್ ಅಂದ್ರೆ ಇತ್ತ್. ನಂಬ್ಕಿ ಇಲ್ದಿದ್ರೆ ಬಂದ್ ಕಾಣ್ಲಿ. ನಾಯಿನ ನಾನ್ ಕಟ್ಟಿ ಹಾಕ್ತೆ."

ನನಗೆ ಕಣ್ಣು ತುಂಬಿ ಬಂತು. ಇಷ್ಟು ಗಟ್ಟಿಯಾಗಿ ಹೇಳಲು ನನಗೆ ಆಗಿರಲಿಲ್ಲ.

ಸಭೆ ಮುಗಿದ ಮೇಲೆ ಮುಖ್ಯಸ್ಥರು ದೊಡ್ಡಮ್ಮನ ಮನೆಗೆ ಬಂದರು. ನಾಯಿಯನ್ನು ಅವಳು ಕಟ್ಟಿ ಹಾಕಿದ್ದಳು. ಈ ಸಲ ಬಾವಿಕಟ್ಟೆಯವರೆಗೂ ಬಂದು ಬಗ್ಗಿ ನೋಡಿದರು. ದೊಡ್ಡಮ್ಮ ಕೊಡಪಾನ ಇಳಿಸಿ ನೀರು ಸೇದಿ, ಚೊಂಬಿಗೆ ಸುರಿದು ಅವರ ಕೈಗಿಟ್ಟಳು. ಅವರು ಪೂರ್ತಿ ಕುಡಿದರು. ನಕ್ಷೆಯಲ್ಲಿ ಕತ್ತರಿ ಹೋಗಿ ನೀಲಿ ಚುಕ್ಕಿ ಬಂತು, ಹಕ್ಕಲಿನ ಗುಲಾಬಿ ಬಣ್ಣ ಅಳಿಸಿಹೋಯಿತು. ಬೈಂದೂರು ಕಡೆಯ ಕಿರಿಮಂಜೇಶ್ವರದವರೆಗೂ 'ಇತ್ತ್' ಎಂದವರ ಬಾವಿಗಳನ್ನೆಲ್ಲ ಮತ್ತೆ ಬಗ್ಗಿ ನೋಡಬೇಕಾಯಿತು.

ಕೊನೆಗೆ ಸಹಿ ಹಾಕುವ ಮೊದಲು, ಬಣ್ಣಗಳ ಅರ್ಥ ಬರೆಯುವ ಮೂಲೆಯಲ್ಲಿ ನಾನೇ ಒಂದು ಸಾಲು ಸೇರಿಸಿದೆ: ಇತ್ತ್ ಅಂದರೆ ಇದೆ. ಇಂಥ ನಕ್ಷೆಯೊಳಗ ಆಡುಮಾತು ಯಾಕ್ರೀ ಎಂದರು ಮುಖ್ಯಸ್ಥರು. ಆ ಸಾಲು ಇದ್ದರೆ ಸಹಿ, ಇಲ್ಲದಿದ್ದರೆ ಇಲ್ಲ ಎಂದೆ. ಸಾಲು ಉಳಿಯಿತು. ನನ್ನ ಗುತ್ತಿಗೆ ಮಾತ್ರ ಮುಂದುವರಿಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲು ಹೋಗಲಿಲ್ಲ.

ಮರುವಾರ ದೊಡ್ಡಮ್ಮನ ಮನೆಗೆ ಹೋದೆ. ಕೆಲಸದ ದಿನ ಬಂದದ್ದು ಕಂಡು ಅವಳಿಗೆ ಅನುಮಾನ. "ಕೆಲ್ಸ ಇತ್ತಾ ಮಗಾ?" ಎಂದಳು.

"ಇದ್ದಿತ್ತ್" ಎಂದೆ. ಅವಳ ಕೈಯಿಂದ ಹಗ್ಗ ತೆಗೆದುಕೊಂಡು ಕೊಡಪಾನ ಬಾವಿಗಿಳಿಸಿದೆ.