ರಸ್ತೆಯ ಮೇಲಿನ ಹುರುಳಿ

ನಾನು ಪುಕ್ಕಲಿ. ಮೊದಲೇ ಹೇಳಿಬಿಟ್ಟರೆ ನಿಮಗೂ ಅನುಕೂಲ, ನನಗೂ ನಿರಾಳ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಸೇಲಂನ ಮನೆಯ ಬೀಗವನ್ನು ಮತ್ತೆ ಮತ್ತೆ ತೆಗೆದು ನೋಡುವವಳು ನಾನು. ಪ್ರತಿಯೊಬ್ಬರ ಬಲಭುಜದ ಮೇಲೂ ಕಾವಲು ದೇವತೆ ಕೂತಿರುತ್ತದೆ ಎಂದು ಕಾನ್ವೆಂಟಿನ ಸಿಸ್ಟರ್ ಒಬ್ಬರು ಹೇಳಿದ್ದರು. ಅಂದಿನಿಂದ ಬಲಕ್ಕೆ ಹೊರಳಿ ಮಲಗಲೂ ಹೆದರಿಕೆ, ಪಾಪ, ನಲುಗಿಹೋದರೆ?

ತೊಂಬತ್ತರ ದಶಕದ ಒಂದು ಜನವರಿಯಲ್ಲಿ ಕಂಬೈನಲ್ಲೂರಿನ ನಾದಿನಿಯ ಮನೆಗೆ ನಮ್ಮ ಹಳೆಯ ಅಂಬಾಸಿಡರಿನಲ್ಲಿ ಹೊರಟಿದ್ದೆವು. ತೊಪ್ಪೂರು ಘಾಟಿಯನ್ನು ಕಣ್ಣು ಮುಚ್ಚಿಕೊಂಡೇ ದಾಟಿದೆ. (ಕಾರು ಓಡಿಸುತ್ತಿದ್ದವರು ನನ್ನ ಗಂಡ, ಗಾಬರಿಯಾಗಬೇಡಿ.) ಧರ್ಮಪುರಿ ಕಳೆದ ಮೇಲೆ ಬರೀ ಒಣ ಸೀಮೆ. ಕಾನ್ವೆಂಟಿನ ಇಂಗ್ಲಿಷ್ ಪುಸ್ತಕದ ಚಿತ್ರಗಳಲ್ಲಿ ಗೋಧಿ ಹೊಲ ಗಾಳಿಗೆ ತೂಗುತ್ತಿರುತ್ತಿತ್ತು. ಇಲ್ಲಿ ಹೊಲವೆಲ್ಲ ಖಾಲಿ; ಬೆಳೆ ರಸ್ತೆಗೆ ಬಂದು ಮಲಗಿತ್ತು. ಮೊಣಕಾಲೆತ್ತರಕ್ಕೆ ಹರಡಿದ ಹುರುಳಿ ಗಿಡ. ವಾಹನಗಳು ಮೇಲೆ ಹರಿದರೆ ಕಾಳು ಉದುರುತ್ತದೆ.

ಹಿಂದೆ ಕಣದಲ್ಲಿ ಈ ಕೆಲಸ ಮಾಡುತ್ತಿದ್ದ ಎತ್ತಿಗೆ ಕಣ್ಣಿತ್ತು, ಮೂಗಿತ್ತು. ಕಾಲಡಿ ಏನಾದರೂ ಮಿಸುಕಿದರೆ ನಿಲ್ಲುತ್ತಿತ್ತು. ಟೈರಿಗೆ ಏನಿದೆ? ಈ ಮೆತ್ತನೆಯ ಹಾಸಿನಡಿ ಒಂದು ಮಗು ಮಲಗಿದ್ದರೆ?

“ನಿಲ್ಲಿಸಿ!” ಎಂದು ಕಿರುಚಿದೆ. ಛತ್ರಿ ಹಿಡಿದು ಇಳಿದವಳೇ ಹುರುಳಿಯನ್ನು ಕೆದಕತೊಡಗಿದೆ.

ಕವೆಗೋಲಿನಿಂದ ಗಿಡ ತಿರುವುತ್ತಿದ್ದ ಹೆಂಗಸೊಬ್ಬಳು ಓಡಿಬಂದಳು. “ಯಾಕ್ರವ್ವಾ ನಿಂತ್ಬುಟ್ರಿ? ವಂಡಿ-ಗಾಡಿ ಮ್ಯಾಲೆ ಓದ್ರೆ ತಾನೆ ಉಳ್ಳಿ ಉದುರಾದು!”

“ಅಡಿಯಲ್ಲಿ ಮಕ್ಕಳಿದ್ದರೆ?”

ಅವಳಿಗೆ ನಗು ತಡೆಯಲಾಗಲಿಲ್ಲ. “ನಮ್ ಮಕ್ಳೇನು ಇಲಿಗಳಾ, ಉಳ್ಳಿಯಾಗೆ ಮಲಗಾಕೆ? ನನ್ ಮಗ್ಳು ಅಗೋ, ಉಣಸೆ ಮರದಡಿ ಆಡ್ತಾವ್ಳೆ. ಲೇ ಚಿನ್ನೀ!”

ಮರದಡಿ ಯಾರೂ ಇರಲಿಲ್ಲ. ಅವಳು ನಗುತ್ತಲೇ ಮತ್ತೊಮ್ಮೆ ಕೂಗಿದಳು. ಆಮೇಲಿನ ಕೂಗಿನಲ್ಲಿ ನಗುವಿರಲಿಲ್ಲ.

“ಇಲ್ಲೇ ಇದ್ಲಲ್ಲಾ ಈಗ...” ಎಂದವಳು ಕವೆಗೋಲು ಎಸೆದು, ರಸ್ತೆಯ ಮೇಲೆ ಮಂಡಿಯೂರಿ ಹುರುಳಿಯನ್ನು ಎರಡೂ ಕೈಯಿಂದ ಬಾಚತೊಡಗಿದಳು. ನಾನೂ ಪಕ್ಕದಲ್ಲಿ ಕೂತೆ. ಒಣ ಕಾಯಿ ಅಂಗೈ ಗೀರುತ್ತಿತ್ತು. ಕಾವಲು ದೇವತೆಯನ್ನೂ ಊರ ದೈವ ಮುನಿಯಪ್ಪನನ್ನೂ ಒಂದೇ ಉಸಿರಿನಲ್ಲಿ ಕರೆದೆ. ಅಷ್ಟರಲ್ಲಿ ತಿರುವಿನಾಚೆ ಲಾರಿಯ ಹಾರ್ನ್. ಅಲ್ಲಿಯವರೆಗೆ ನನ್ನನ್ನು ಗದರುತ್ತಿದ್ದ ಗಂಡ ಟವೆಲ್ ಬೀಸುತ್ತ ಅದರೆದುರು ಓಡಿದರು. ಲಾರಿ ಕಿರ್ರೆಂದು ನಿಂತಿತು.

ಆ ನಿಶ್ಶಬ್ದದಲ್ಲಿ ಕಟುಂ ಎಂದು ಏನೋ ಮುರಿದ ಸದ್ದು, ನಮ್ಮ ಕಾರಿನೊಳಗಿಂದ. ನಾನು ತೆರೆದೇ ಬಿಟ್ಟಿದ್ದ ಬಾಗಿಲಿನಿಂದ ಹತ್ತಿ, ಹಿಂದಿನ ಸೀಟಿನಲ್ಲಿ ಚಿನ್ನಿ ಕೂತಿದ್ದಳು. ಮಡಿಲಲ್ಲಿ ನಾದಿನಿಗೆಂದು ಒಯ್ಯುತ್ತಿದ್ದ ಮುರುಕು-ಚಕ್ಕುಲಿಯ ಡಬ್ಬ. “ಇನ್ನೊಂದ್ ತಗಳ್ಳಾ?” ಎಂದಳು.

ತಾಯಿ ಬೆನ್ನಿಗೊಂದು ಗುದ್ದಿ, ಆ ಗುದ್ದಿದ ಜಾಗವನ್ನೇ ಸವರುತ್ತ ಅವಳನ್ನು ಅಪ್ಪಿಕೊಂಡಳು. ನನ್ನತ್ತ ತಿರುಗಿ, “ನಿನ್ ಬಯಾನ ನಂಗೂ ಅಂಟಿಸ್ಬುಟ್ಯಲ್ಲವ್ವಾ!” ಎಂದಳು. ಬಹುವಚನ ಬಿಟ್ಟುಬಿಟ್ಟಿದ್ದಳು, ನನಗೇಕೋ ಹಿತವೆನಿಸಿತು.

ಹೊರಟ ಮೇಲೆ ಗಂಡ ಶುರುಮಾಡಿದರು: “ನೋಡಿದೆಯಾ? ಹುರುಳಿಯಡಿ ಯಾರೂ ಇರಲಿಲ್ಲ.” ನಾನು ಹಿಂತಿರುಗಿ ನೋಡಿದೆ. ಅವಳು ಮಗಳನ್ನು ಸೊಂಟಕ್ಕೇರಿಸಿಕೊಂಡು, ಲಾರಿಯನ್ನು ಇನ್ನೂ ಮುಂದೆ ಬಿಡದೆ, ಕವೆಗೋಲಿನಿಂದ ಹುರುಳಿಯನ್ನು ಎತ್ತೆತ್ತಿ ನೋಡುತ್ತಿದ್ದಳು.

ನನ್ನ ಹೆದರಿಕೆಯ ಬಗ್ಗೆ ಗಂಡನ ಉಪನ್ಯಾಸ ಎರಡು ಊರುಗಳಷ್ಟು ಉದ್ದವಿತ್ತು. ಮುಂದಿನ ತಿರುವಿನಲ್ಲಿ ಮತ್ತೊಂದು ಹುರುಳಿಯ ಹಾಸು. ಮಾತು ನಿಂತಿತು, ಕಾರೂ ನಿಂತಿತು. ಅವರು ರಸ್ತೆಯನ್ನೇ ನೋಡುತ್ತ, ಸಣ್ಣ ದನಿಯಲ್ಲಿ ಕೇಳಿದರು:

“ಛತ್ರಿ ಎಲ್ಲಿಟ್ಟೆ?”